ಘಾಟಿಲ್ಲದ ಹೊಗೆಸೊಪ್ಪು



ಮೂವತ್ತನಾಲ್ಕು ವರ್ಷಗಳ ಕಾಲ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ, ಹಳಗನ್ನಡ ಕಾವ್ಯಗಳ ಪಾಠಾಂತರಗಳನ್ನು ತೂಗಿ ನೋಡುವುದರಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದವನು ನಾನು. ಅಂಥವನು ಇಂದು ನಿಕೋಟಿನ್ನಿನ ಪ್ರಮಾಣವನ್ನು ಕುರಿತು ಮಾತನಾಡಲು ಹೊರಟಿದ್ದಾನೆಂದರೆ ನಿಮಗೆ ಆಶ್ಚರ್ಯವಾಗಬಹುದು. ನನಗೂ ಆಶ್ಚರ್ಯವೇ. ಆದರೆ ಮನುಷ್ಯನಿಗೆ ಅನೇಕ ವಿಷಯಗಳು ಪುಸ್ತಕದಿಂದ ಬರುವುದಿಲ್ಲ, ಮೊಮ್ಮಕ್ಕಳಿಂದ ಬರುತ್ತವೆ. ನನಗೆ ಈ ವಿಷಯ ಬಂದದ್ದು ಒಂದು ಕೋಟಿನ ಜೇಬಿನಿಂದ.

2024ರ ಏಪ್ರಿಲ್ ತಿಂಗಳು. ಇಂಗ್ಲೆಂಡಿನ ನಡುಭಾಗದ ಒಂದು ಊರಿನಲ್ಲಿರುವ ನನ್ನ ಮಗಳ ಮನೆಗೆ ಹೋಗಿದ್ದೆ. ಅಲ್ಲಿಯವರು ಅದನ್ನು ವಸಂತಕಾಲವೆಂದು ಕರೆಯುತ್ತಾರೆ. ಮೈಸೂರಿನವನಿಗೆ ಅದು ಮಾಗಿಗಿಂತಲೂ ಮಿಗಿಲಾದ ಚಳಿ. ಬೆಳಗಿನ ವಾಯುವಿಹಾರಕ್ಕೆ ಹೊರಟವನು ಬಾಗಿಲ ಹಿಂದೆ ತೂಗುಹಾಕಿದ್ದ ಮೊಮ್ಮಗನ ಕೋಟನ್ನು ಹಾಕಿಕೊಂಡೆ. ದಾರಿಯಲ್ಲಿ ಜೇಬಿಗೆ ಕೈಯಿಟ್ಟಾಗ ಒಂದು ಪುಟ್ಟ ವಸ್ತು ಸಿಕ್ಕಿತು. ಪಾಠದ ಸಾಲುಗಳಿಗೆ ಬಣ್ಣ ಹಚ್ಚಲು ವಿದ್ಯಾರ್ಥಿಗಳು ಬಳಸುವ ದಪ್ಪ ಪೆನ್ನಿನಂತೆ ಅದು ಕಾಣುತ್ತಿತ್ತು. ಒಂದು ತುದಿ ನಸುಗೆಂಪು, ಇನ್ನೊಂದು ತುದಿ ಹಸಿರು. ಮುಚ್ಚಳ ತೆಗೆಯಲು ನೋಡಿದೆ, ಬರಲಿಲ್ಲ. ಮೂಗಿನ ಹತ್ತಿರ ಹಿಡಿದೆ. ಕಲ್ಲಂಗಡಿ ಹಣ್ಣಿನ ವಾಸನೆ ಬಂದಿತು.

ಮನೆಗೆ ಬಂದು ಹುಡುಗನನ್ನು ಮಹಡಿಯ ಮೇಲೆ ಒಬ್ಬನನ್ನೇ ಕಂಡು, "ಇದೇನಪ್ಪ?" ಎಂದೆ. ಹದಿನೇಳು ವರ್ಷದ ಹುಡುಗ. ಮುಖ ಬಿಳಿಚಿಕೊಂಡಿತು. "ಅದು ವೇಪ್, ತಾತ. ಅಮ್ಮನಿಗೆ ಹೇಳಬೇಡಿ" ಎಂದ. ಬಳಿಕ, ಎಲ್ಲವನ್ನೂ ಒಪ್ಪಿಕೊಂಡುಬಿಡುವ ಮನಸ್ಸಿನಿಂದಲೋ ಏನೋ, ಮೇಜಿನ ಸೆಳೆಖಾನೆಯಿಂದ ಅಂಥದೇ ಇನ್ನೊಂದನ್ನು ತೆಗೆದು ತೋರಿಸಿದ. ಬೇರೆ ದೇಶದ ಮಾರುಕಟ್ಟೆಗೆಂದು ತಯಾರಾದ ಆ ದೊಡ್ಡ ವೇಪನ್ನು ಅವನಿಗೆ ಕೊಟ್ಟವನು ಯಾರೋ ಗೆಳೆಯ. ಕನ್ನಡಕ ಹಾಕಿಕೊಂಡು ಎರಡನ್ನೂ ಓದಿದೆ. ಮೊದಲನೆಯದರ ಮೇಲೆ ಮಿಲಿಲೀಟರಿಗೆ 20 ಮಿಲಿಗ್ರಾಂ ಎಂದಿತ್ತು. ಎರಡನೆಯದರ ಮೇಲೆ ಶೇಕಡ 5 ಎಂದಿತ್ತು. "ಬಿಡಲಾರೆ ಎನ್ನುವುದಾದರೆ, ಇಪ್ಪತ್ತನ್ನು ಬಿಟ್ಟು ಈ ಐದನ್ನಾದರೂ ಇಟ್ಟುಕೊಳ್ಳಬಾರದೆ?" ಎಂದೆ. ಅಷ್ಟು ಕಷ್ಟದಲ್ಲಿಯೂ ಹುಡುಗನಿಗೆ ನಗು ಬಂದಿತು. "ತಾತ, ಐದೇ ಜಾಸ್ತಿ" ಎಂದ.

ಆ ಮಾತು ನನ್ನನ್ನು ನಾಚಿಸಿತು. ಅಕ್ಷರಗಳನ್ನು ಓದಿ ಬದುಕಿದವನಿಗೆ ಅಂಗೈಯಗಲದ ವಸ್ತುವಿನ ಮೇಲಿದ್ದ ಒಂದು ಸಾಲನ್ನು ಓದಲು ಬರಲಿಲ್ಲ. ಅದನ್ನು ಓದಲು ಬಲ್ಲ ಹುಡುಗನಿಗೆ ಅದರಿಂದ ಬಿಡಿಸಿಕೊಳ್ಳಲು ಬಂದಿರಲಿಲ್ಲ. ಈ ಎರಡು ಅಜ್ಞಾನಗಳ ನಡುವೆ ನಾನು ಕಲಿತದ್ದನ್ನು ಇಂದು ನಿಮ್ಮ ಮುಂದಿಡುತ್ತೇನೆ. ಇದರಲ್ಲಿ ರಸಾಯನಶಾಸ್ತ್ರಕ್ಕೆ ಸಂಬಂಧಿಸಿದ್ದೆಲ್ಲವೂ ನನ್ನೊಡನೆ ಕೆಲಸಮಾಡಿ ನಿವೃತ್ತರಾದ, ಈಗ ನಮ್ಮ ಬೀದಿಯಲ್ಲಿಯೇ ಇರುವ ರಸಾಯನಶಾಸ್ತ್ರದ ಮೇಷ್ಟ್ರು ಹೇಳಿಕೊಟ್ಟದ್ದು. ತಪ್ಪುಗಳಿದ್ದರೆ ಅವು ಶಿಷ್ಯನವು.

ಮೊದಲು ವಸ್ತುವಿನ ಪರಿಚಯ. ಇದರ ಒಡಲಲ್ಲಿ ಒಂದು ಪುಟ್ಟ ಬ್ಯಾಟರಿ, ಕಾಯುವ ಒಂದು ತಂತಿಸುರುಳಿ, ದ್ರವದಲ್ಲಿ ತೊಯ್ದ ಒಂದಿಷ್ಟು ಬತ್ತಿ ಇರುತ್ತವೆ. ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಹಣ್ಣಿನ ಪರಿಮಳ, ನಿಕೋಟಿನ್ ಇವುಗಳ ಮಿಶ್ರಣವೇ ಆ ದ್ರವ. ತುದಿಗೆ ಬಾಯಿಟ್ಟು ಉಸಿರೆಳೆದರೆ ತಂತಿ ಕಾದು ದ್ರವ ಮಂಜಾಗಿ ಬರುತ್ತದೆ. ದ್ರವವೋ ಬ್ಯಾಟರಿಯೋ ಮುಗಿದೊಡನೆ ಎಸೆದುಬಿಡುವಂತೆ ಮಾಡಿದ್ದನ್ನು ಒಮ್ಮೆ ಬಳಸಿ ಬಿಸಾಡುವ ವೇಪ್ ಎನ್ನುತ್ತಾರೆ. ಇಂದಿನ ರೂಪದ ಇ-ಸಿಗರೇಟನ್ನು 2003ರಲ್ಲಿ ರೂಪಿಸಿದವನು ಹೋನ್ ಲಿಕ್ ಎಂಬ ಚೀನಾದ ಔಷಧತಜ್ಞ. ಆಕ್ಸ್‌ಫರ್ಡ್ ನಿಘಂಟಿನವರು 'ವೇಪ್' ಎಂಬುದನ್ನು ವರ್ಷದ ಪದವೆಂದು ಆರಿಸಿದ್ದು 2014ರಲ್ಲಿ. ನಮ್ಮ 'ಹೊಗೆಸೊಪ್ಪು' ಎಂಬ ಮಾತಿನಲ್ಲಿ ಹೊಗೆಯೂ ಇದೆ, ಸೊಪ್ಪೂ ಇದೆ. ಈ ವಸ್ತುವಿನಲ್ಲಿ ಸುಡುವ ಸೊಪ್ಪಿಲ್ಲವಾದುದರಿಂದ ಹೊಗೆಯೂ ಇಲ್ಲ. ಅದನ್ನು ಆವಿಯೆನ್ನುವುದೂ ಸರಿಯಲ್ಲ, ಅದು ಅತಿ ಸಣ್ಣ ಹನಿಗಳ ತುಂತುರು. ಸೊಪ್ಪು ಹೋಗಿ, ಹೊಗೆ ಹೋಗಿ, ಸೊಪ್ಪಿನೊಳಗಿನ ಅಮಲು ಮಾತ್ರ ಉಳಿದುಕೊಂಡಿದೆ.

ಹೊಸ ವಸ್ತುವೊಂದು ಅಂದವಾದ ಆಕಾರ ತಳೆದು ಬರುವುದು ಇದೇ ಮೊದಲಲ್ಲ. ಈ ಸೊಪ್ಪು ಉತ್ತರಕ್ಕೆ ಹೋದ ಕಥೆಯಲ್ಲಿ ನಮ್ಮ ಬಿಜಾಪುರಕ್ಕೂ ಒಂದು ಪಾತ್ರವುಂಟು. ಅಕ್ಬರನ ರಾಯಭಾರಿಯಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ ಎಂಬವನು, 1604ರ ಸುಮಾರಿಗೆ, ತಾನು ಅಲ್ಲಿ ಕಂಡ ಹೊಗೆಸೊಪ್ಪನ್ನು ರತ್ನಖಚಿತವಾದ ಕೊಳವೆಯೊಡನೆ ಬಾದಶಹನಿಗೆ ಕಾಣಿಕೆಯಾಗಿ ಒಯ್ದನು. ಬಾದಶಹನು ಕುತೂಹಲದಿಂದ ಒಂದೆರಡು ದಮ್ಮು ಎಳೆದನಂತೆ. ಆಸ್ಥಾನದ ವೈದ್ಯನು, ನಮ್ಮ ಗ್ರಂಥಗಳಲ್ಲಿ ಇದರ ಗುಣದೋಷಗಳು ಬರೆದಿಲ್ಲ, ಪರೀಕ್ಷೆಯಾಗದ ವಸ್ತು ಬೇಡ ಎಂದು ತಡೆದನು. ಕಾಣಿಕೆ ತಂದವನು ಕೇಳದೆ ವಾದಕ್ಕೆ ನಿಂತನು. ಕೆಲವೇ ದಿನಗಳಲ್ಲಿ ಸರದಾರರೆಲ್ಲ ಆ ಸೊಪ್ಪನ್ನು ಬೇಡಿ ಪಡೆಯತೊಡಗಿದರು. 1617ರಲ್ಲಿ ಜಹಾಂಗೀರನು ಅದನ್ನು ನಿಷೇಧಿಸಿದನು, ನಿಷೇಧ ನಿಲ್ಲಲಿಲ್ಲ. ಕೊಳವೆಯ ರತ್ನಗಳನ್ನು ಕಂಡವರು ಬಹುಮಂದಿ, ವೈದ್ಯನ ಮಾತನ್ನು ಕೇಳಿದವರು ಕಡಿಮೆ. ನಸುಗೆಂಪು ಹಸಿರು ಬಣ್ಣದ ಆ ಪೆನ್ನನ್ನು ಕೈಯಲ್ಲಿ ಹಿಡಿದಾಗ ನನಗೆ ನೆನಪಾದದ್ದು ಆ ಕೊಳವೆ.

ಇನ್ನು ಅಂಕಿಗಳ ಮಾತು. ನಮ್ಮ ಮನೆಗಳ ಕಾಫಿಯಿಂದಲೇ ಇದನ್ನು ವಿವರಿಸಬಹುದು. ಫಿಲ್ಟರಿನಿಂದ ಮೊದಲು ಇಳಿದ ಡಿಕಾಕ್ಷನ್ ಗಟ್ಟಿ, ಎರಡನೆಯ ಬಾರಿ ನೀರೆರೆದು ಇಳಿಸಿದ್ದು ತೆಳು. ಗಟ್ಟಿ, ತೆಳು ಎನ್ನುವುದು ದ್ರವದ ಶಕ್ತಿ. ಎಷ್ಟು ಕುಡಿದೆವು ಎಂಬುದು ಬೇರೆಯ ಮಾತು. ಗಟ್ಟಿ ಡಿಕಾಕ್ಷನ್ನಿನ ಅರ್ಧ ಲೋಟಕ್ಕಿಂತ ತೆಳು ಡಿಕಾಕ್ಷನ್ನಿನ ಒಂದು ತಂಬಿಗೆಯಲ್ಲಿ ಕಾಫಿಯ ಸತ್ತ್ವ ಹೆಚ್ಚಿರಬಹುದು. ವೇಪಿನ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಅಂಕಿ ದ್ರವದ ಶಕ್ತಿಯನ್ನು ಮಾತ್ರ ಹೇಳುತ್ತದೆ. ದ್ರವದ ಅಳತೆಯನ್ನು ಇನ್ನೊಂದು ಮೂಲೆಯಲ್ಲಿ ಹುಡುಕಬೇಕು. ಎರಡನ್ನೂ ಗುಣಿಸಿದಾಗ ಮಾತ್ರ ಒಟ್ಟು ನಿಕೋಟಿನ್ ಎಷ್ಟೆಂದು ತಿಳಿಯುತ್ತದೆ.

ಮೊದಲು ಶಕ್ತಿಯನ್ನು ನೋಡೋಣ. ಶೇಕಡ 1 ಎಂದರೆ ನೂರು ಮಿಲಿಲೀಟರ್ ದ್ರವದಲ್ಲಿ ಒಂದು ಗ್ರಾಂ, ಅಂದರೆ ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ. ಆದುದರಿಂದ ಶೇಕಡ 2 ಎಂದರೂ ಮಿಲಿಲೀಟರಿಗೆ 20 ಮಿಲಿಗ್ರಾಂ ಎಂದರೂ ಒಂದೇ. ಶೇಕಡ 5 ಎಂದರೆ 50 ಮಿಲಿಗ್ರಾಂ. ನನ್ನ ಮೊಮ್ಮಗ ಹೇಳಿದ್ದು ಸರಿಯಾಗಿತ್ತು. ಆ ಐದು ಈ ಇಪ್ಪತ್ತರ ಎರಡೂವರೆ ಪಟ್ಟು. ಇದರಲ್ಲಿಯೂ ಒಂದು ಸೂಕ್ಷ್ಮವುಂಟು. ಈ ದ್ರವ ನೀರಿಗಿಂತ ಭಾರವಾದುದರಿಂದ, ಶೇಕಡ 5 ಎಂಬುದನ್ನು ಅಳತೆಯ ಬದಲು ತೂಕದ ಲೆಕ್ಕದಲ್ಲಿ ಬರೆದಿದ್ದರೆ ಮಿಲಿಲೀಟರಿಗೆ 50ಕ್ಕೂ ಹೆಚ್ಚು ಮಿಲಿಗ್ರಾಂ ಆಗುತ್ತದೆ. 2015ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಜೂಲ್ ಎಂಬ ಪ್ರಸಿದ್ಧ ಇ-ಸಿಗರೇಟಿನ ಶೇಕಡ 5 ಹೀಗೆ ತೂಕದ ಲೆಕ್ಕದ್ದು. ಅದು ಮಿಲಿಲೀಟರಿಗೆ ಸುಮಾರು 59 ಮಿಲಿಗ್ರಾಂ ಆಗುತ್ತಿತ್ತು.

ಈಗ ದ್ರವದ ಅಳತೆಯನ್ನು ಸೇರಿಸೋಣ. ಬ್ರಿಟನ್ನಿನಲ್ಲಿ 2016ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕಟ್ಟಳೆಯಂತೆ ದ್ರವದ ಶಕ್ತಿ ಮಿಲಿಲೀಟರಿಗೆ 20 ಮಿಲಿಗ್ರಾಮನ್ನೂ, ವೇಪಿನೊಳಗಿನ ದ್ರವ 2 ಮಿಲಿಲೀಟರನ್ನೂ ಮೀರುವಂತಿಲ್ಲ. ಗುಣಿಸಿದರೆ 40 ಮಿಲಿಗ್ರಾಂ. ಜೂಲಿನ ಒಂದು ಕೊಳವೆಯಲ್ಲಿದ್ದ ದ್ರವ 0.7 ಮಿಲಿಲೀಟರ್ ಮಾತ್ರ. ಅದನ್ನು 59ರಿಂದ ಗುಣಿಸಿದರೆ ಬರುವುದು 41. ಒಂದರ ಮೇಲೆ ಎರಡು, ಇನ್ನೊಂದರ ಮೇಲೆ ಐದು. ಆದರೂ ಎರಡರಲ್ಲಿಯೂ ಇದ್ದ ನಿಕೋಟಿನ್ ಹೆಚ್ಚುಕಡಿಮೆ ಒಂದೇ. ಹೊರಗೆ ಕಾಣುವ ಅಂಕಿಯನ್ನೇ ನಂಬಿದವನು ಇಲ್ಲಿ ಮೋಸಹೋಗುತ್ತಾನೆ.

ಈ ನಲವತ್ತು ಎಂದರೆ ಎಷ್ಟು? ಒಂದು ಸಿಗರೇಟಿನ ಸೊಪ್ಪಿನಲ್ಲಿ ಸಾಮಾನ್ಯವಾಗಿ 10ರಿಂದ 14 ಮಿಲಿಗ್ರಾಂ ನಿಕೋಟಿನ್ ಇರುತ್ತದೆ. ಬಹುಪಾಲು ಉರಿದು, ಗಾಳಿಗೆ ಹೋಗಿ, ಸೇದುವವನ ದೇಹಕ್ಕೆ ಸೇರುವುದು ಒಂದರಿಂದ ಎರಡು ಮಿಲಿಗ್ರಾಂ. ವೇಪಿನ ನಲವತ್ತೂ ದೇಹಕ್ಕೆ ಸೇರುವುದಿಲ್ಲ. ಸ್ವಲ್ಪ ಬತ್ತಿಯಲ್ಲಿ ಉಳಿಯುತ್ತದೆ, ಸ್ವಲ್ಪ ಉಸಿರಿನೊಡನೆ ಹೊರಬೀಳುತ್ತದೆ. ಎಲ್ಲವನ್ನೂ ಕಳೆದು ನೋಡಿದರೆ ಅದು ಇಪ್ಪತ್ತು ಸಿಗರೇಟುಗಳ ಒಂದು ಪ್ಯಾಕಿಗೆ ಸಮೀಪವಾಗುತ್ತದೆ. ಜೂಲಿನ ತಯಾರಕರು ತಮ್ಮ ಒಂದು ಕೊಳವೆಗೆ ತಾವೇ ಹೇಳಿಕೊಂಡ ಹೋಲಿಕೆಯೂ ಇದೇ. ಆದರೆ ಅಮೆರಿಕದ ಬಿಸಾಡುವ ವೇಪುಗಳಿಗೆ ಬ್ರಿಟನ್ನಿನ ಈ ಮಿತಿಗಳು ಇರಲಿಲ್ಲ. ಅಲ್ಲಿ ಅವು ವರ್ಷದಿಂದ ವರ್ಷಕ್ಕೆ ಬೆಳೆದವು. ಶೇಕಡ 5ರ ದ್ರವ 12 ಮಿಲಿಲೀಟರ್ ಇದ್ದರೆ ಒಟ್ಟು 600 ಮಿಲಿಗ್ರಾಂ. ಅದೇ ಅಳತೆಯಲ್ಲಿ ಹದಿನೈದು ಪ್ಯಾಕು. ಮುನ್ನೂರು ಸಿಗರೇಟುಗಳನ್ನು ಹುಡುಗನೊಬ್ಬ ಜೇಬಿನಲ್ಲಿಟ್ಟುಕೊಂಡು ತಾಯಿಯ ಎದುರಿಗೆ ತಿರುಗಾಡಲಾರ. ಆದರೆ ಒಂದು ಪೆನ್ನನ್ನು ಇಟ್ಟುಕೊಳ್ಳಬಲ್ಲ.

ಹೊದಿಕೆಯ ಮೇಲೆ ಇನ್ನೊಂದು ಅಂಕಿಯೂ ಇರುತ್ತದೆ: 600 ದಮ್ಮು, 10,000 ದಮ್ಮು ಎಂದು. ದಮ್ಮು ಎಂಬುದು ಸೇರು ಪಾವುಗಳಂತೆ ಗೊತ್ತಾದ ಅಳತೆಯಲ್ಲ. ಒಬ್ಬನ ಉಸಿರು ಗಿಡ್ಡ, ಇನ್ನೊಬ್ಬನದು ಉದ್ದ. ಶಕ್ತಿ ಕಡಿಮೆಯಿರುವ ದ್ರವವನ್ನು ಕೊಟ್ಟರೆ ಅಭ್ಯಾಸವಾದವನು ತನಗೆ ತಿಳಿಯದೆಯೇ ಉದ್ದುದ್ದವಾಗಿ, ಮತ್ತೆ ಮತ್ತೆ ಎಳೆದು ಕೊರತೆಯನ್ನು ತುಂಬಿಕೊಳ್ಳುತ್ತಾನೆ ಎಂಬುದನ್ನು ಸಂಶೋಧಕರು ಕಂಡಿದ್ದಾರೆ. ಅಂಕಿ ಇಳಿದ ಮಾತ್ರಕ್ಕೆ ಬಯಕೆ ಇಳಿಯುವುದಿಲ್ಲ.

ಇಷ್ಟು ಲೆಕ್ಕ. ಲೆಕ್ಕಕ್ಕೆ ಸಿಕ್ಕದ ಸಂಗತಿಯೊಂದಿದೆ. ಅದನ್ನು ಹೇಳಲು ನನ್ನ ಬಾಲ್ಯಕ್ಕೆ ಹೋಗಬೇಕು. ನಮ್ಮ ಅಜ್ಜಿ ಊಟವಾದ ಮೇಲೆ ಎಲೆ ಅಡಿಕೆಯೊಡನೆ ಒಂದು ಎಸಳು ಹೊಗೆಸೊಪ್ಪನ್ನು ಹಾಕಿಕೊಳ್ಳುತ್ತಿದ್ದರು. ಅಂಗೈಯಲ್ಲಿ ಸುಣ್ಣದೊಡನೆ ತಿಕ್ಕಿಯೇ ಅದನ್ನು ಬಾಯಿಗಿಡುವುದು ವಾಡಿಕೆ. ಎಂಟು ವರ್ಷದ ನಾನು ಒಂದು ಮಧ್ಯಾಹ್ನ ಅವರ ಎಲೆಯಡಿಕೆ ಚೀಲದಿಂದ ಕದ್ದು ಹಾಗೆಯೇ ತಿಕ್ಕಿ ಬಾಯಿಗೆ ಹಾಕಿಕೊಂಡೆ. ನಾಲಗೆ ಸುಟ್ಟಿತು, ಗಂಟಲಿಗೆ ಘಾಟು ಹಿಡಿಯಿತು, ಕಣ್ಣಿನಲ್ಲಿ ನೀರು ಬಂದಿತು. ಹಿತ್ತಲಿನ ತೊಳಸಿಕಟ್ಟೆಯ ಪಕ್ಕದಲ್ಲಿ ವಾಂತಿ ಮಾಡಿಕೊಂಡು, ತಲೆ ಸುತ್ತಿ ಕುಳಿತುಬಿಟ್ಟೆ. ಅಜ್ಜಿ ಬಯ್ಯಲಿಲ್ಲ. ಮಜ್ಜಿಗೆ ಕೊಟ್ಟು, "ಸೊಪ್ಪೇ ನಿನಗೆ ಬುದ್ಧಿ ಹೇಳಿತಲ್ಲ, ನಾನೇನು ಹೇಳಲಿ" ಎಂದರು.

ಸುಣ್ಣ ಏಕೆ ಬೇಕೆಂಬುದನ್ನು ಅರುವತ್ತು ವರ್ಷಗಳ ಬಳಿಕ ನನಗೆ ಮೇಷ್ಟ್ರು ವಿವರಿಸಿದರು. ಎಲೆಯೊಳಗಿನ ನಿಕೋಟಿನ್ ಆಮ್ಲಗಳೊಡನೆ ಕೂಡಿಕೊಂಡು ಲವಣದ ರೂಪದಲ್ಲಿರುತ್ತದೆ. ಸುಣ್ಣ ಆ ಬಂಧವನ್ನು ಬಿಡಿಸುತ್ತದೆ. ಬಿಡುಗಡೆಯಾದ ನಿಕೋಟಿನ್ ಬಾಯಿಯ ಒಳಚರ್ಮವನ್ನು ದಾಟಿ ಬೇಗ ರಕ್ತಕ್ಕೆ ಸೇರುತ್ತದೆ. ಹಾಗೆಯೇ ಚುರುಕ್ಕೆಂದು ಚುಚ್ಚುತ್ತದೆ. ಅಮಲೂ ಘಾಟೂ ಅಲ್ಲಿ ಒಂದೇ ಬಂಡಿಯ ಎರಡು ಎತ್ತುಗಳು. ಅಮಲು ಬೇಕಾದವನು ಘಾಟನ್ನು ಸಹಿಸಲೇಬೇಕು. ಹೊಸಬನಿಗೆ ಆ ಘಾಟೇ ತಡೆ. ಎಲ್ಲರನ್ನೂ ಅದು ತಡೆಯಲಿಲ್ಲವೆಂಬುದು ನಿಜ, ಆದರೆ ಮೊದಲ ದಿನವೇ ಎಚ್ಚರಿಸುತ್ತಿತ್ತು.

ಮೊದಮೊದಲ ಇ-ಸಿಗರೇಟುಗಳ ದ್ರವದಲ್ಲಿಯೂ ಈ ಬಿಡಿಯಾದ ನಿಕೋಟಿನ್ನೇ ಇತ್ತು. ಶಕ್ತಿಯನ್ನು ಏರಿಸಿದಂತೆ ಗಂಟಲು ಉರಿಯುತ್ತಿದ್ದುದರಿಂದ ಬಹಳ ಏರಿಸುವಂತಿರಲಿಲ್ಲ. ಜೂಲಿನವರು ಅಜ್ಜಿಗೆ ತದ್ವಿರುದ್ಧವಾದುದನ್ನು ಮಾಡಿದರು. ಸುಣ್ಣದ ಬದಲು ಆಮ್ಲವನ್ನು ಸೇರಿಸಿದರು; ಬೆಂಜೋಯಿಕ್ ಆಮ್ಲ. ನಾವು ದೇವರ ಮುಂದೆ ಹಾಕುವ ಸಾಂಬ್ರಾಣಿಯಿಂದ ಹಿಂದೆ ಪಡೆಯುತ್ತಿದ್ದುದರಿಂದಲೇ ಆ ಆಮ್ಲಕ್ಕೆ ಆ ಹೆಸರು. ಅದು ನಿಕೋಟಿನ್ನನ್ನು ಮತ್ತೆ ಲವಣದ ರೂಪಕ್ಕೆ ಕಟ್ಟಿಹಾಕುತ್ತದೆ, ಘಾಟು ಅಡಗುತ್ತದೆ. ಬಾಯಿಯಲ್ಲಿ ನಿಲ್ಲದ ಈ ತುಂತುರು ಶ್ವಾಸಕೋಶದ ಆಳಕ್ಕಿಳಿದು, ಅಲ್ಲಿನ ವಿಸ್ತಾರವಾದ ಒಳಮೈಯಿಂದ ರಕ್ತಕ್ಕೆ ಸೇರಿ, ಕೆಲವೇ ಸೆಕೆಂಡುಗಳಲ್ಲಿ ಮಿದುಳಿಗೆ ತಲುಪುತ್ತದೆ. ಶಕ್ತಿ ಮೂರು ಪಟ್ಟಾದರೂ ಗಂಟಲು ದೂರು ಹೇಳುವುದಿಲ್ಲ. ಅದರ ಮೇಲೆ ಕಲ್ಲಂಗಡಿಯ ಪರಿಮಳ. ಬಳಿಕ ಬಂದ ಬಿಸಾಡುವ ವೇಪುಗಳೆಲ್ಲ ಬಹುಮಟ್ಟಿಗೆ ಈ ಹಾದಿಯನ್ನೇ ಹಿಡಿದವು. ಅಜ್ಜಿಯ ಸೊಪ್ಪು ನನಗೆ ಹೇಳಿದ ಬುದ್ಧಿಯನ್ನು ನನ್ನ ಮೊಮ್ಮಗನಿಗೆ ಹೇಳುವವರು ಯಾರೂ ಇರಲಿಲ್ಲ. ದೇಹ ಆಡದೆ ಬಿಟ್ಟ ಮಾತನ್ನು ಆಡಲು ಉಳಿದದ್ದು ಹೊದಿಕೆಯ ಮೇಲಿನ ಅಂಕಿಯೊಂದೇ. ಆದುದರಿಂದಲೇ ಆ ಅಂಕಿಯನ್ನು ಓದಲು ಕಲಿಯಬೇಕು ಎನ್ನುತ್ತೇನೆ.

ಅಂಕಿಗಳನ್ನು ಓದುವುದರಲ್ಲಿ ಇನ್ನೊಂದು ಅಪಾಯವನ್ನೂ ಕಂಡೆ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಹಳೆಯ ಗ್ರಂಥವೊಂದರಲ್ಲಿ, 60 ಮಿಲಿಗ್ರಾಂ ನಿಕೋಟಿನ್ ಮನುಷ್ಯನನ್ನು ಕೊಲ್ಲಲು ಸಾಕು ಎಂದು ಓದಿದ್ದು ನೆನಪಿತ್ತು. ಹುಡುಗನ ಜೇಬಿನಲ್ಲಿ ನಲವತ್ತು, ಸೆಳೆಖಾನೆಯಲ್ಲಿ ಐನೂರಕ್ಕೂ ಹೆಚ್ಚು! ಆಮೇಲೆ ವಿಚಾರಿಸಿದಾಗ ತಿಳಿದದ್ದು ಬೇರೆ. ಆಸ್ಟ್ರಿಯದ ಗ್ರಾಟ್ಸ್ ವಿಶ್ವವಿದ್ಯಾನಿಲಯದ ಬರ್ನ್ಡ್ ಮಾಯರ್ ಎಂಬ ವಿದ್ವಾಂಸರು 2014ರಲ್ಲಿ ಈ ಅರುವತ್ತರ ಮೂಲವನ್ನು ಹುಡುಕುತ್ತ ಹೋದರು. ಒಂದು ಪುಸ್ತಕ ಇನ್ನೊಂದನ್ನು ತೋರಿಸಿತು, ಅದು ಮತ್ತೊಂದನ್ನು. ಕೊನೆಗೆ ಸಿಕ್ಕಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ ಕೆಲವರು ತಮ್ಮ ಮೇಲೆಯೇ ಮಾಡಿಕೊಂಡ, ನಂಬಲರ್ಹವಲ್ಲದ ಪ್ರಯೋಗಗಳ ವರದಿ. ನಿಜವಾದ ಮಾರಕ ಪ್ರಮಾಣ ಅದರ ಅನೇಕ ಪಟ್ಟು ಇರಬೇಕೆಂಬುದು ಅವರ ನಿರ್ಣಯ.

ಗ್ರಂಥಸಂಪಾದನೆ ಮಾಡಿದವರಿಗೆ ಇದು ಪರಿಚಿತವಾದ ಕಥೆ. ಲಿಪಿಕಾರನೊಬ್ಬ ಒಂದು ಓಲೆಗರಿಯಲ್ಲಿ ಮಾಡಿದ ತಪ್ಪನ್ನು ಮುಂದಿನವರು ಪ್ರತಿಮಾಡುತ್ತಾರೆ. ನಾಲ್ಕು ಪ್ರತಿಗಳಲ್ಲಿ ಅದೇ ಪಾಠ ಸಿಕ್ಕಿತೆಂದು ಸಂಪಾದಕ ಅದನ್ನೇ ಶುದ್ಧಪಾಠವೆಂದು ತಿಳಿಯುತ್ತಾನೆ. ನಾಲ್ಕೂ ಒಂದೇ ತಾಯಿಯ ಮಕ್ಕಳೆಂಬುದು ಅವನಿಗೆ ಹೊಳೆಯುವುದಿಲ್ಲ. ಇಷ್ಟು ಹೇಳಿದೆನೆಂದು ಯಾರೂ ಧೈರ್ಯ ತಂದುಕೊಳ್ಳಬಾರದು. ಈ ದ್ರವ ಮನೆಯ ಪುಟ್ಟ ಮಕ್ಕಳ ಬಾಯಿಗೆ ಬಿದ್ದರೆ ಅಲ್ಪವೂ ಅಪಾಯವೇ. ಅಮೆರಿಕದಲ್ಲಿ 2014ರಲ್ಲಿ ಎಳೆಯ ಮಗುವೊಂದು ಇದರಿಂದ ಪ್ರಾಣ ಕಳೆದುಕೊಂಡಿತು. ಮಕ್ಕಳ ಕೈಗೆ ಬಿಚ್ಚಲು ಬಾರದ ಸೀಸೆಗಳಲ್ಲಿಯೇ ಇದನ್ನು ಮಾರಬೇಕೆಂಬ ಕಾನೂನು ಅಲ್ಲಿ ಬಳಿಕ ಬಂದಿತು.

ಸಿಗರೇಟಿನ ವಿಷಯದಲ್ಲಿಯೂ ನ್ಯಾಯವಾದ ಮಾತನ್ನೇ ಆಡಬೇಕು. ಕ್ಯಾನ್ಸರನ್ನು ತರುವುದು ಮುಖ್ಯವಾಗಿ ಸುಟ್ಟ ಸೊಪ್ಪಿನ ಹೊಗೆ. ನಿಕೋಟಿನ್ ಮನುಷ್ಯನನ್ನು ಆ ಹೊಗೆಗೆ ಕಟ್ಟಿಹಾಕುವ ಹಗ್ಗ. ಇಪ್ಪತ್ತು ವರ್ಷ ಸಿಗರೇಟು ಸೇದಿದವನು ಅದನ್ನು ಪೂರ್ತಿ ಬಿಟ್ಟು ವೇಪಿಗೆ ಬಂದರೆ ಅವನಿಗೆ ಹಾನಿ ಕಡಿಮೆ ಎಂಬುದು ಬ್ರಿಟನ್ನಿನ ಆರೋಗ್ಯಾಧಿಕಾರಿಗಳ ಅಭಿಪ್ರಾಯ. ಆದರೆ ನನ್ನ ಮೊಮ್ಮಗ ಸಿಗರೇಟನ್ನು ಮುಟ್ಟಿದವನೇ ಅಲ್ಲ. ಅವನಿಗೆ ಅದು ಸಣ್ಣ ಕೇಡಲ್ಲ, ಬರಿಯ ಕೇಡು. ಇಪ್ಪತ್ತೈದರ ವಯಸ್ಸಿನವರೆಗೂ ಬೆಳೆಯುತ್ತಿರುವ ಮಿದುಳು ಇಂಥ ಹಗ್ಗಕ್ಕೆ ಬೇಗ ಸಿಕ್ಕಿಬೀಳುತ್ತದೆ.

ಹುಡುಗನ ಗುಟ್ಟನ್ನು ಹತ್ತು ದಿನ ಬಚ್ಚಿಟ್ಟೆ. ಅದು ತಪ್ಪೆಂದು ಈಗ ಅನ್ನಿಸುತ್ತದೆ. ಮಗಳ ಮುಖ ನೋಡಿ ಊಟಮಾಡುವುದು ಕಷ್ಟವಾಯಿತು. ಹನ್ನೊಂದನೆಯ ದಿನ, "ನಾನು ಹೇಳುವುದಿಲ್ಲ, ನೀನೇ ಹೇಳಬೇಕು, ಪಕ್ಕದಲ್ಲಿ ನಾನು ಕೂತಿರುತ್ತೇನೆ" ಎಂದೆ. ಅವನು ಹೇಳಿದ. ಮಗಳು ಅತ್ತಳು, ಅಳಿಯ ಮಾತಿಲ್ಲದೆ ಎದ್ದುಹೋದರು. ಮರುವಾರ ಇಂಥ ಚಟ ಬಿಡಿಸಲು ನೆರವಾಗುವ ಸಲಹೆಗಾರ್ತಿಯೊಬ್ಬರ ಹತ್ತಿರ ಅವನನ್ನು ಕರೆದುಕೊಂಡು ಹೋದೆವು. ನಾನು ಕಲಿತ ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಆಕೆ ಅದನ್ನು ಸೌಜನ್ಯದಿಂದ ನೋಡಿ ಪಕ್ಕಕ್ಕಿಟ್ಟು, ಹುಡುಗನನ್ನು ಕೇಳಿದ್ದು ಒಂದೇ ಪ್ರಶ್ನೆ: "ಬೆಳಿಗ್ಗೆ ಎಚ್ಚರವಾದ ಎಷ್ಟು ಹೊತ್ತಿಗೆ ಮೊದಲ ದಮ್ಮು ಎಳೆಯುತ್ತೀಯೆ?"

ಅವನು ತಲೆ ತಗ್ಗಿಸಿ, "ಹಾಸಿಗೆಯಿಂದ ಏಳುವ ಮುಂಚೆಯೇ. ದಿಂಬಿನ ಕೆಳಗೇ ಇರುತ್ತದೆ" ಎಂದ.

ಈ ಪ್ರಶ್ನೆ ಆಕೆಯ ಕಲ್ಪನೆಯಲ್ಲವೆಂದು ಬಳಿಕ ತಿಳಿಯಿತು. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಕಾರ್ಲ್ ಫಾಗರ್‌ಸ್ಟ್ರೋಮ್ 1978ರಲ್ಲಿ ಸಿಗರೇಟು ಸೇದುವವರಿಗಾಗಿ ಒಂದು ಪ್ರಶ್ನಾವಳಿಯನ್ನು ರಚಿಸಿದರು. 1991ರಲ್ಲಿ ತಿದ್ದಿದ ಅದರ ರೂಪದಲ್ಲಿ ಮೊದಲನೆಯ ಪ್ರಶ್ನೆಯೇ ಇದು. ಎದ್ದ ಐದು ನಿಮಿಷದೊಳಗೆ ಎಂದರೆ ಮೂರು ಅಂಕ, ಅರ್ಧ ಗಂಟೆಯೊಳಗೆ ಎಂದರೆ ಎರಡು, ಒಂದು ಗಂಟೆಯೊಳಗೆ ಎಂದರೆ ಒಂದು, ಆಮೇಲೆ ಎಂದರೆ ಸೊನ್ನೆ. ರಾತ್ರಿಯೆಲ್ಲ ನಿಕೋಟಿನ್ ಇಲ್ಲದೆ ಕಳೆದ ದೇಹ ಬೆಳಿಗ್ಗೆ ಎಷ್ಟು ಬೇಗ ಕೈಚಾಚುತ್ತದೆ ಎಂಬುದೇ ಹಗ್ಗದ ಬಿಗಿತಕ್ಕೆ ಅಳತೆ. ಹೊದಿಕೆಯ ಮೇಲಿನ ಅಂಕಿ ದ್ರವದ ಶಕ್ತಿಯನ್ನು ಹೇಳುತ್ತದೆ; ಅದು ನಮ್ಮ ಮೇಲೆ ಪಡೆದಿರುವ ಶಕ್ತಿಯನ್ನು ಹೇಳುವುದು ಈ ನಿಮಿಷಗಳು.

ಹಿಂದಿರುಗುವಾಗ ಕಾರಿನಲ್ಲಿ ಹುಡುಗ ಮೆಲ್ಲಗೆ, "ತಾತ, ನಿಮ್ಮ ಡಬ್ಬಿಯ ಮೇಲೆ ಎಷ್ಟು ಮಿಲಿಗ್ರಾಂ ಅಂತ ಬರೆದಿದೆ?" ಎಂದ.

ಕೇಳುಗರೆ, ಇದುವರೆಗೆ ನಾನು ನಿಮ್ಮಿಂದ ಮುಚ್ಚಿಟ್ಟ ಸಂಗತಿ ಇದು. ಮೂವತ್ತೈದು ವರ್ಷಗಳಿಂದ ನಾನು ನಶ್ಯ ಹಾಕುವವನು. ನಶ್ಯವೆಂದರೆ ಹೊಗೆಸೊಪ್ಪಿನ ಪುಡಿಯೇ ಅಲ್ಲವೆ? ಅಧ್ಯಾಪಕರ ಕೊಠಡಿಯಲ್ಲಿ ಅದು ವಿದ್ವತ್ತಿನ ಲಕ್ಷಣವೆಂಬಂತೆ ನಡೆದುಬಂದಿತ್ತು. ಡಬ್ಬಿಯನ್ನು ತೆಗೆದು ನೋಡಿದೆ. ಅಂಕಿ ಇರಲಿಲ್ಲ. ನನ್ನ ಅಳತೆ ಚಿಟಿಕೆ, ಅದೂ ನನ್ನದೇ ಬೆರಳಿನದು. ಮೊದಲ ಚಿಟಿಕೆ ಎಷ್ಟು ಹೊತ್ತಿಗೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ, ಕಾಫಿಗೆ ಮುಂಚೆ, ದಿಂಬಿನ ಕೆಳಗಿನ ಡಬ್ಬಿಯಿಂದಲೇ ಎಂದು ಹೇಳಬೇಕಾಗುತ್ತಿತ್ತು. ಮೂರಕ್ಕೆ ಮೂರು ಅಂಕ. ಜೀವನದಲ್ಲಿ ಇಷ್ಟು ಸುಲಭವಾಗಿ ನಾನು ಪೂರ್ಣಾಂಕ ಗಳಿಸಿದ್ದಿಲ್ಲ.

ಈಗ ನಮ್ಮ ನಾಡಿನ ಮಾತು. ಕರ್ನಾಟಕ ಸರ್ಕಾರ ಇ-ಸಿಗರೇಟನ್ನು 2016ರಲ್ಲಿಯೇ ನಿಷೇಧಿಸಿತು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರದ ಸುಗ್ರೀವಾಜ್ಞೆ, ಅದೇ ವರ್ಷ ಕಾಯಿದೆ ಬಂದು, ಇಡೀ ದೇಶದಲ್ಲಿ ಇದರ ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವೂ ಅಪರಾಧವಾದವು. ಮೊದಲ ತಪ್ಪಿಗೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಬ್ರಿಟನ್ 2025ರ ಜೂನ್ 1ರಿಂದ ಬಿಸಾಡುವ ವೇಪುಗಳ ಮಾರಾಟವನ್ನು ನಿಲ್ಲಿಸಿತು. ಮತ್ತೆ ತುಂಬಿ ಬಳಸುವಂಥವು ಅಲ್ಲಿ ಉಳಿದಿವೆ. ನಿಷೇಧವಿದ್ದರೂ ಕದ್ದು ಮಾರುವುದು ನಮ್ಮಲ್ಲಿ ನಿಂತಿಲ್ಲ. ಹೀಗೆ ಬಂದ ಮಾಲಿನ ಮೇಲಿರುವ ಅಂಕಿಗೆ ಹೊಣೆಗಾರರು ಯಾರೂ ಇಲ್ಲ. ನಿಕೋಟಿನ್ ಇಲ್ಲವೆಂದು ಬರೆದ ದ್ರವಗಳಲ್ಲಿಯೂ ಅದು ಇದ್ದುದನ್ನು ಆಸ್ಟ್ರೇಲಿಯದ ಪರೀಕ್ಷಕರು ಕಂಡುಹಿಡಿದಿದ್ದಾರೆ. ಕಟ್ಟಳೆಯಿದ್ದ ಬ್ರಿಟನ್ನಿನಲ್ಲಿಯೂ, 2 ಮಿಲಿಲೀಟರ್ ಮೀರಿ ದ್ರವ ತುಂಬಿದ್ದ ಪ್ರಸಿದ್ಧವಾದ ವೇಪೊಂದನ್ನು 2023ರಲ್ಲಿ ಅಂಗಡಿಗಳು ಹಿಂದಕ್ಕೆ ತೆಗೆಯಬೇಕಾಯಿತು. ಆದುದರಿಂದ ಮನೆಯ ಮಕ್ಕಳ ಜೇಬಿನಲ್ಲಿ ಹಣ್ಣಿನ ವಾಸನೆಯ ಪೆನ್ನು ಸಿಕ್ಕಿದರೆ ಹೊದಿಕೆಯನ್ನು ಓದಿ, ಆದರೆ ನಂಬಬೇಡಿ. ಎಷ್ಟು ಶೇಕಡ ಎಂದು ಕೇಳಿ ಗದರಿಸುವುದಕ್ಕೆ ಮೊದಲು, ಎದ್ದ ಎಷ್ಟು ಹೊತ್ತಿಗೆ ಎಂದು ಮೆಲ್ಲಗೆ ಕೇಳಿ. ಆ ಪ್ರಶ್ನೆಯಲ್ಲಿ ಆರೋಪವಿಲ್ಲ. ಉತ್ತರ ಬರುತ್ತದೆ.

ನನ್ನ ಮೊಮ್ಮಗನೂ ನಾನೂ ಒಂದು ಒಪ್ಪಂದ ಮಾಡಿಕೊಂಡೆವು. ದಿನಾಲೂ ಒಬ್ಬರಿಗೊಬ್ಬರು ಒಂದು ಅಂಕಿಯನ್ನು ಕಳುಹಿಸಬೇಕು: ಎದ್ದದ್ದಕ್ಕೂ ಮೊದಲ ದಮ್ಮಿಗೂ, ಎದ್ದದ್ದಕ್ಕೂ ಮೊದಲ ಚಿಟಿಕೆಗೂ ನಡುವಿನ ನಿಮಿಷಗಳು. ಮೊದಲ ವಾರ ಇಬ್ಬರದೂ ಒಂದಂಕಿ. ಬರಬರುತ್ತ ಇಪ್ಪತ್ತಾಯಿತು, ನಲವತ್ತಾಯಿತು. ಪರೀಕ್ಷೆಯ ದಿನಗಳಲ್ಲಿ ಅವನು ಮತ್ತೆ ಮೂರಕ್ಕೆ ಇಳಿದ. ನನ್ನ ಹಳೆಯ ಗೆಳೆಯರೊಬ್ಬರು ತೀರಿಕೊಂಡ ವಾರ ನಾನೂ ಇಳಿದೆ. ಸುಳ್ಳು ಬರೆಯಬಾರದೆಂಬುದು ನಿಯಮ. ಇಬ್ಬರೂ ಬರೆದಿಲ್ಲವೆಂದು ನಂಬಿದ್ದೇನೆ. ಈಗ ಅವನದು ಮುನ್ನೂರನ್ನು ದಾಟಿದೆ. ಪೂರ್ತಿ ಬಿಟ್ಟಿಲ್ಲ, ಬಿಡುತ್ತಿದ್ದಾನೆ.

ನನ್ನ ಡಬ್ಬಿ ಈಗ ದಿಂಬಿನ ಕೆಳಗಿಲ್ಲ, ಅಡಿಗೆಮನೆಯ ಅಟ್ಟದ ಮೇಲಿದೆ. ಅದನ್ನು ತೆಗೆಯಬೇಕಾದರೆ ಪಕ್ಕದ ಮನೆಯ ಮೇಷ್ಟ್ರಿಂದ ಏಣಿ ತರಬೇಕು. ಏಣಿ ಏತಕ್ಕೆಂದು ಅವರು ತಪ್ಪದೆ ಕೇಳುತ್ತಾರೆ. ಬೆಳಿಗ್ಗೆ ಮೂಗು ಇನ್ನೂ ಡಬ್ಬಿಯನ್ನು ಹುಡುಕುತ್ತದೆ. ನಾನು ಕಾಫಿ ಕುಡಿಯುತ್ತೇನೆ, ಪತ್ರಿಕೆ ಓದುತ್ತೇನೆ, ಗಡಿಯಾರ ನೋಡುತ್ತೇನೆ. ಇಂದು ಈ ಭಾಷಣಕ್ಕೆಂದು ಮನೆಯಿಂದ ಹೊರಡುವಾಗ ನೂರ ಎಂಬತ್ತು ನಿಮಿಷಗಳಾಗಿದ್ದವು.